ಕಿವಿಗೆ ಉಣಿಸಿದವಳು

ಮಿರ್ಜಾನದ ಬಂಗಾರಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಹೆಕ್ಕಿ ತಂದು, ಚಿಪ್ಪು ಬಿಡಿಸಿ ಒಳಗಿನ ಮಾಂಸ ತೆಗೆದು, ಕಾಯಿ ಅರೆದು ಸಾರು ಮಾಡಿದರೆ ಆಚೆ ಮನೆಯವರೂ ಗಿಂಡಿ ಹಿಡಿದು ಬರುತ್ತಿದ್ದರು. ಗಂಡ ಮಾಸ್ತಿ ಮಾತ್ರ ಎಂದೂ ಹೊಗಳಿದವನಲ್ಲ. ಬಟ್ಟಲು ಮುಂದೆ ಸರಿಸಿ “ಮತ್ತೊಂದ್ ಸೌಟು” ಅನ್ನುತ್ತಿದ್ದ, ಅಷ್ಟೇ. ನಲವತ್ತು ವರ್ಷ ಅವಳಿಗೆ ಅದೇ ಸಾಕಾಗಿತ್ತು.

ಅವನ ಗಂಟಲಿಗೆ ಕ್ಯಾನ್ಸರ್ ಆಗಿ, ಮಂಗಳೂರಿನ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದ ಮೇಲೆ ಆ ಮಾತು ನಿಂತಿತು.

“ಎಂತದೂ ಗೊತ್ತಾಗೂದಿಲ್ಲ ಬಂಗಾರಿ. ಬೂದಿ ತಿಂದಂಗೆ.”

ಹುಳಿ ಹೆಚ್ಚಿಸಿದಳು, ಮೆಣಸು ಇಳಿಸಿದಳು. ಬಟ್ಟಲು ತುಂಬಿದ ಹಾಗೆಯೇ ಉಳಿಯಿತು.

ಒಂದು ಮಧ್ಯಾಹ್ನ ಕೊಟ್ಟಿಗೆಯ ಹಿಂದೆ ಸಿಕ್ಕಿಬಿದ್ದ. ಕೈಯಲ್ಲಿ ಹೆದ್ದಾರಿ ಬದಿಯ ಅಂಗಡಿಯಿಂದ ತಂದ ಜೋಳದ ಕುರುಕಲು ಕಡ್ಡಿಯ ಪೊಟ್ಟಣ. ಬೆರಳಿಗೆಲ್ಲ ಕೇಸರಿ ಹುಡಿ.

“ನನ್ನ ಸಾರು ಬೂದಿ, ಈ ಗಾಳಿ ಪೊಟ್ಟಣ ಅಮೃತ ಆತಾ?”

“ರುಚಿ ಇದ್ರಲ್ಲೂ ಇಲ್ವೇ. ಸಪ್ಳ ಅದೆ. ಕಟಂ ಅಂದ್ರೆ ತಿಂದದ್ದು ಗೊತ್ತಾಗ್ತದೆ. ಅಷ್ಟರಲ್ಲಿ ಕರಗಿ ಹೋಗ್ತದೆ, ಕೈ ಮತ್ತೆ ಹೋಗ್ತದೆ.”

ಸಪ್ಪಳ ತಾನೇ, ತಾನೂ ಕೊಟ್ಟಾಳು. ಡಬ್ಬದಲ್ಲಿದ್ದ ಹಲಸಿನ ಹಪ್ಪಳ ತೆಗೆದು ಕರಿದಳು. ಎರಡನೆಯ ತುಂಡಿಗೇ ಅವನ ಗಂಟಲು ಗೀರಿ ರಕ್ತ ಬಂತು. ಮರುದಿನದಿಂದ ಬಂಗಾರಿಯೇ ಅಂಗಡಿಗೆ ಹೋಗತೊಡಗಿದಳು.

ಮಳೆ ಹಿಡಿಯುವ ಹೊತ್ತಿಗೆ ಮೂಗಿಗೆ ಊಟದ ನಳಿಗೆ ಬಂತು. ಬಾಯಿಗೆ ಏನನ್ನೂ ಕೊಡುವಂತಿಲ್ಲ. ಮಾತೂ ಹೋಗಿತ್ತು. ಮಾಸ್ತಿ ಉಳಿದಿದ್ದ ಪೊಟ್ಟಣ ತೋರಿಸಿದ, ಅವಳ ಬಾಯಿ ತೋರಿಸಿದ, ತನ್ನ ಕಿವಿ ಮುಟ್ಟಿಕೊಂಡ.

“ನಾ ತಿನ್ನೂದಾ? ನಿಮ್ಮೆದುರಿಗಾ?”

ಕಣ್ಣು ಮುಚ್ಚಿ ಹೌದೆಂದು ತಲೆಯಾಡಿಸಿದ. ಅವಳು ಅವನ ಕಿವಿಯ ಹತ್ತಿರ ಬಾಗಿ ಒಂದು ಕಡ್ಡಿ ಕಚ್ಚಿದಳು. ಅವನ ದವಡೆ ಮೆಲ್ಲಗೆ ಆಡಿತು. ಸ್ವಲ್ಪ ಹೊತ್ತಿಗೆ ಅವನ ಕೈ, ಬಟ್ಟಲು ಸರಿಸುವ ಹಾಗೆ, ಹೊದಿಕೆಯ ಮೇಲೆ ಮುಂದೆ ಬಂತು.

ಬಂಗಾರಿ ಇನ್ನೊಂದು ಕಚ್ಚಿದಳು.

ಆಷಾಢದಲ್ಲಿ ಮಾಸ್ತಿ ತೀರಿಕೊಂಡ. ಬಂಗಾರಿ ಈಗಲೂ ಅಂಗಡಿಗೆ ಹೋಗುತ್ತಾಳೆ.

“ನಿಂಗೂ ಚಟ ಹತ್ತಿತಲ್ಲೇ ಅಕ್ಕ!” ಎಂದು ಅಂಗಡಿಯ ಗಾಯತ್ರಿ ನಗುತ್ತಾಳೆ.

“ಹತ್ತಿತು ಮಾರಾಯ್ತಿ,” ಎಂದು ಇವಳೂ ನಗುತ್ತಾಳೆ.

ಮನೆಗೆ ಬಂದು, ಅವನ ಮಂಚದ ತಲೆಕಡೆ ಕೂತು, ಬಾಗಿ, ಒಂದು ಕಚ್ಚುತ್ತಾಳೆ. ಅದು ಕರಗುವಷ್ಟರಲ್ಲಿ ಕೈ ಮತ್ತೆ ಪೊಟ್ಟಣಕ್ಕೆ ಹೋಗಿರುತ್ತದೆ.