ಬದಿಗೆ ನಿಲ್ಲದ ಅತ್ತೆ

ಸಿಂಧನೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಊರವರಿಗೆ ನಾನು ಫೋಟೋಗ್ರಾಫರ್. ಲಿಂಗಸುಗೂರಿನ ನನ್ನ ಸೋದರತ್ತೆಗೆ ಮಾತ್ರ ಶತ್ರು. ಮಸ್ಕಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಎಲ್ಲರನ್ನೂ ಒಂದೇ ಫೋಟೋದಲ್ಲಿ ಹಿಡಿಯಲು ವೈಡ್ ಲೆನ್ಸ್ ಹಾಕಿದ್ದೆ. ಜಾಗ ಇಕ್ಕಟ್ಟಾದಲ್ಲಿ ಅದು ಊರನ್ನೇ ನುಂಗುತ್ತದೆ. ಆದರೆ ಅಂಚಿನಲ್ಲಿ ನಿಂತವರನ್ನು ಅಡ್ಡಡ್ಡ ಎಳೆಯುತ್ತದೆ. ಅಂಚಿನಲ್ಲಿ ಅತ್ತೆ ಇದ್ದಳು. ಮೊದಲೇ ಮೈ ತುಂಬಿಕೊಂಡವಳು, ಫೋಟೋದಲ್ಲಿ ಜೋಳದ ಕಣಜವಾದಳು.

ಅದಕ್ಕೇ ತನ್ನ ಮಗಳ ಮದುವೆಯ ದಿನ, "ಫೋಟೋ ನೀನಽ ತಗಿ ಅಳಿಯಾ, ಆದ್ರ ನಾ ನಿಂದ್ರಂಗಿಲ್ಲ," ಎಂದುಬಿಟ್ಟಳು. ಮಗಳ ಮೋರೆ ಸಪ್ಪಗಾಯಿತು. ಅವ್ವನಿಲ್ಲದ ಮದುವೆ ಫೋಟೋವನ್ನು ಗೋಡೆಗೆ ಹೇಗೆ ಹಾಕಿಕೊಳ್ಳುವುದು?

"ಹಂಗಾರ ನಡುವ ನಿಂದರು ಅತ್ತಿ," ಎಂದೆ.

"ನಡುವ ಬೀಗರು ನಿಂದರಬೇಕು. ಹೆಣ್ಣಿನ ಕಡೆಯವ್ರು ಬದಿಗೆ. ಅಷ್ಟೂ ತಿಳ್ಯಂಗಿಲ್ಲೇನು ನಿನಗ?"

ನಡುವೆ ನಿಲ್ಲಲು ಮರ್ಯಾದೆ ಬಿಡದು, ಬದಿಗೆ ನಿಲ್ಲಲು ಲೆನ್ಸ್ ಬಿಡದು. ನಾನು ಜಾಣತನ ಮಾಡಲು ಹೋದೆ. ಅಂಚಿನವರು ದಪ್ಪ ಕಾಣುತ್ತಾರೆ, ನಮ್ಮ ಅತ್ತೆಯನ್ನು ನೀವೇ ನಡುವೆ ಕರೆಯಿರಿ ಎಂದು ವರನ ತಾಯಿಯ ಕಿವಿಯಲ್ಲಿ ಹೇಳಿದೆ. ಅವರು ಅದನ್ನು ತಮ್ಮ ತಂಗಿಗೆ ಹೇಳಿದರು, ತಂಗಿ ಎಲ್ಲರಿಗೂ ಹೇಳಿದಳು. ಅಲ್ಲಿಯವರೆಗೆ "ನೀವು ನಡುವ ಬರ್ರಿ", "ಇಲ್ರಿ, ನೀವಽ ಬರ್ರಿ" ಎಂದು ಉಪಚಾರ ಹೇಳುತ್ತಿದ್ದ ಜನವೆಲ್ಲ ಒಮ್ಮೆಲೇ ನಡುವಿಗೆ ನುಗ್ಗಿತು. ಮದುಮಗನ ಬಾಸಿಂಗ ವಾಲಿತು. ಅಂಚಿನಲ್ಲಿ ಉಳಿದವನು ಅತ್ತೆಯ ಗಂಡ, ನಮ್ಮ ಸಣಕಲು ಮಾವನೊಬ್ಬನೇ. ಒಮ್ಮೆಯಾದರೂ ದಪ್ಪ ಕಾಣುವ ಆಸೆ ಅವನಿಗೆ.

ವೈಡ್ ಲೆನ್ಸ್ ಚೀಲಕ್ಕೆ ಹೋಯಿತು. ಬದಲಿಗೆ ಹಾಕಿದ ಐವತ್ತು ಎಂಎಂ ಲೆನ್ಸಿನಲ್ಲಿ ಯಾರೂ ಹಿಗ್ಗುವುದಿಲ್ಲ, ಆದರೆ ಬಹಳ ಹಿಂದಕ್ಕೆ ಸರಿಯಬೇಕು. ಅತ್ತೆಯ ಮನೆಯ ಅಂಗಳ ದಾಟಿ, ರಸ್ತೆ ದಾಟಿ, ಆಚೆ ನಿಂತಿದ್ದ ಟ್ರ್ಯಾಕ್ಟರ್ ಟ್ರಾಲಿ ಹತ್ತಿದೆ. ಬಟನ್ ಒತ್ತುವಷ್ಟರಲ್ಲಿ ಮುದಗಲ್ ಬಸ್ಸು ಅಡ್ಡ ಬಂತು. ಕಿಟಕಿಯಲ್ಲಿದ್ದವರೆಲ್ಲ ಪೋಸು ಕೊಟ್ಟರು.

ಬಸ್ಸು ಹೋದ ಮೇಲೆ, "ಇಷ್ಟು ದೂರದಿಂದ ದಪ್ಪ ಕಾಣಂಗಿಲ್ಲ ಅತ್ತಿ, ಆಣಿ ಮಾಡ್ತೀನಿ," ಎಂದು ಕೂಗಿದೆ. ಬೀಗರೆದುರು ಹಾಗೆ ಕೂಗಿದ್ದಕ್ಕೆ ಬೈಯುತ್ತಲೇ ಅತ್ತೆ ಬಂದು ಬದಿಗೆ ನಿಂತಳು. ನನಗೆ ಹೋದ ಜೀವ ಬಂದಂತಾಯಿತು.

ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ಎಲ್ಲರೂ ನನ್ನತ್ತ ನೋಡುತ್ತಿದ್ದರು. ಅತ್ತೆಯೊಬ್ಬಳು ಕತ್ತು ಹೊರಳಿಸಿ, ನಡುವೆ ನಿಂತ ಮಗಳನ್ನು ನೋಡುತ್ತಿದ್ದಳು.

"ಅತ್ತಿ, ಈ ಕಡೆ ಕ್ಯಾಮೆರಾ ನೋಡು," ಎಂದು ಮತ್ತೆ ಕೂಗಿದೆ.

ಅತ್ತೆ ಹೊರಳದೆಯೇ ಕೂಗಿದಳು: "ನಿನ್ನ ಡಬ್ಬಿ ನಾಳೆನೂ ನೋಡಾಕ ಬರತೈತಿ. ಆಕಿ ಸಂಜಿಗೆ ಹೊಂಟಾಳ."