ತಳ ಸೇರಿದ ಅರ್ಜಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಯಜಮಾನರು ಹೇಳುತ್ತಾರೆ. ಸುಳ್ಳಲ್ಲ. ಇಂಡಿ ಊರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ಟೈಪಿಂಗ್ ಕ್ಲಾಸು ನಡೆಸುತ್ತಿದ್ದಾಗ, ಓದಿ ನೋಡದೆ ಕೀಲಿ ಒತ್ತುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ಕಣ್ಣು ಮೊದಲು, ಬೆರಳು ಆಮ್ಯಾಲ" ಎಂದು ದಿನಕ್ಕೆ ಇಪ್ಪತ್ತು ಸಲ ಒದರುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಕ್ಲಾಸಿಗೊಂದು ಕಂಪ್ಯೂಟರ್ ಬಂತು, ಅದರ ಹಿಂದೆಯೇ ಫೋನಿನ ತಂತಿಯಲ್ಲಿ ಇಂಟರ್‌ನೆಟ್ಟೂ ಬಂತು. ಇಡೀ ಓಣಿಗೆ ಇದ್ದದ್ದು ನನ್ನದೊಂದೇ ಈ-ಮೇಲ್ ವಿಳಾಸ. ಲಿಂಬೆಹಣ್ಣಿನ ವ್ಯಾಪಾರಿಗಳ ಪತ್ರವಿರಲಿ, ಸಿಂದಗಿಯಲ್ಲಿದ್ದ ನನ್ನ ತಮ್ಮನ ಮದುವೆ ಮಾತುಕತೆಯ ಪತ್ರವಿರಲಿ, ಎಲ್ಲ ಅಲ್ಲಿಂದಲೇ ಹೋಗಬೇಕು, ಅಲ್ಲಿಗೇ ಬರಬೇಕು.

ಒಂದು ಬೇಸಿಗೆಯಲ್ಲಿ ಹೊರ್ತಿ ಕಡೆಯ ಹೆಣ್ಣುಮಗಳೊಬ್ಬಳು ಮಗಳ ಕೈ ಹಿಡಿದುಕೊಂಡು ಬಂದಳು. ಕುರಿ ಸಾಕುವ ಮನೆತನ. ಮಗಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಮಾತೂ ಬಂದಿರಲಿಲ್ಲ. ಅಂಥ ಮಕ್ಕಳಿಗೆಂದೇ ದೂರದ ಊರಿನಲ್ಲಿ ವಸತಿ ಶಾಲೆಯೊಂದಿತ್ತು. ಎಂಟು ವರ್ಷ ತುಂಬಿದವರನ್ನು ಅಲ್ಲಿ ಹೊಸದಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಹುಡುಗಿಗೆ ದೀಪಾವಳಿಗೆ ಎಂಟು ತುಂಬುತ್ತಿತ್ತು. ಈ ವರ್ಷ ಸೇರಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಅಕ್ಕಾರ, ನಾಳಿಗಿ ಅರ್ಜಿಗೆ ಕಡೀ ದಿನ ಐತಂತ್ರಿ. ಟಪಾಲಿಗಿ ಹಾಕಿದ್ರ ಮುಟ್ಟೂದಿಲ್ಲಂತ. ನಮ್ಮೂರ ಸಾಲಿ ಮಾಸ್ತರ್ರು ನಿಮ್ಮ ಕಡೆ ಹೋಗಂದ್ರು," ಎಂದು ಮಡಚಿದ ಕಾಗದವೊಂದನ್ನು ಕೊಟ್ಟಳು. ಕಾಗದದ ತಳದಲ್ಲಿ ಶಾಲೆಯ ಮೇಲ್ ವಿಳಾಸವಿತ್ತು. ಅವಳು ಹೇಳಿದ್ದನ್ನೆಲ್ಲ ಅಲ್ಲೇ ಟೈಪ್ ಮಾಡಿ, ಅವಳ ಕಣ್ಣೆದುರೇ ಕಳಿಸಿದೆ.

"ಮುಗೀತು ನೋಡವಾ. ನಿನ್ನ ಅರ್ಜಿ ಮುಟ್ಟೇತಿ. ಇನ್ನ ಹೋಗಿ ನಿಶ್ಚಿಂತಿಂದ ಇರು," ಎಂದೆ. ಎಷ್ಟು ಠೇಂಕಾರದಿಂದ ಹೇಳಿದೆನೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರು ವಾರದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಕ್ಲಾಸಿನ ಬಾಗಿಲು ತೆರೆಯುವಷ್ಟರಲ್ಲಿ ತಾಯಿ-ಮಗಳು ಕಟ್ಟೆಯ ಮೇಲೆ ಕುಳಿತಿದ್ದರು. ಅವರ ಮಾಸ್ತರರು ಶಾಲೆಗೆ ಫೋನ್ ಮಾಡಿ ವಿಚಾರಿಸಿದ್ದರಂತೆ. ಆ ಹೆಸರಿನ ಅರ್ಜಿಯೇ ಬಂದಿಲ್ಲ. ನಾಳೆ ಪಟ್ಟಿ ಮುಗಿಸುತ್ತಾರೆ. ಸಮಯಕ್ಕೆ ಕಳಿಸಿದ್ದಕ್ಕೆ ಏನಾದರೂ ಗುರುತಿದ್ದರೆ ತೋರಿಸಿ, ನೋಡೋಣ ಎಂದಿದ್ದಾರೆ.

"ನೀವು ಕಳಸೀರಿಲ್ರಿ ಅಕ್ಕಾರ?" ಎಂದಳು. ಜಗಳದ ದನಿಯಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

"ನಿನ್ನ ಕಣ್ಣ ಮುಂದs ಕಳಿಸೇನಲ್ಲ? ಗುರ್ತು ಬೇಕೇನು? ತಡಿ, ಈಗ ತಗದು ಕೊಡ್ತೇನಿ," ಎಂದು ಮಶೀನು ಚಾಲೂ ಮಾಡಿದೆ. ನಾವು ಕಳಿಸಿದ ಪತ್ರಗಳ ನಕಲೆಲ್ಲ ಮೇಲ್ ಪ್ರೋಗ್ರಾಮಿನ ಒಂದು ಪೆಟ್ಟಿಗೆಯಲ್ಲಿ ಸೇರಿಕೊಂಡಿರುತ್ತಿತ್ತು, ಹೊಸದು ಮೇಲೆ, ಹಳೆಯದು ಕೆಳಗೆ. ಪೆಟ್ಟಿಗೆ ತೆರೆದು ನೋಡಿದರೆ ಎಲ್ಲಕ್ಕಿಂತ ಮೇಲಿದ್ದ ಪತ್ರ ಎರಡು ತಿಂಗಳು ಹಳೆಯದು. ಅದರ ಮೇಲೆ ಏನೂ ಇಲ್ಲ. ಎರಡು ತಿಂಗಳಲ್ಲಿ ನಾನು ಬಡಿದು ಬಡಿದು ಕಳಿಸಿದ ಒಂದು ಪತ್ರವೂ ಇಲ್ಲ. ಬಂದ ಪತ್ರಗಳ ಪೆಟ್ಟಿಗೆ ಮಾತ್ರ ನೆಟ್ಟಗಿತ್ತು.

ನನ್ನ ಸಿಟ್ಟು ಮೊದಲು ಹೋದದ್ದು ಯಜಮಾನರ ಮೇಲೆ. ಸಂಜೆ ಕ್ಲಾಸು ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆರಿಸುವುದು ಅವರ ವ್ರತ. ವೋಲ್ಟೇಜು ಏರಿ ಮನೆ ಸುಟ್ಟೀತೆಂಬ ಭಯ.

"ದಿನಾ ಮೇನ್ ತಗದು ತಗದು ನನ್ನ ಪತ್ರ ಎಲ್ಲಾ ನುಂಗಿ ಕುಂತ್ರಿ," ಎಂದು ಒಳಮನೆಗೆ ಕೇಳುವಂತೆ ಕೂಗಿದೆ.

"ಪತ್ರ ನುಂಗಾಕ ನಾ ಏನ್ ಗೆದ್ದಲಾ?" ಎಂದು ಅವರು ಒಳಗಿನಿಂದಲೇ ಹೇಳಿದರು.

ಕಂಪ್ಯೂಟರ್ ಜೋಡಿಸಿ ಕೊಟ್ಟಿದ್ದ ಬಿಜಾಪುರದವನಿಗೆ ಫೋನ್ ಹಚ್ಚಿದೆ. ಅವನು ಅರ್ಧ ಕೇಳಿ, "ಹೋಗ್ಯಾವ್ರಿ ಅವು. ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ. ಬುಧವಾರ ಬರ್ತೇನಿ," ಎಂದ. ನಾಳೆ ಪಟ್ಟಿ ಮುಗಿಯುತ್ತದೆ, ಇವನು ಬುಧವಾರ ಬಂದು ಇದ್ದದ್ದನ್ನೂ ಅಳಿಸುತ್ತಾನಂತೆ. ಫೋನ್ ಕುಕ್ಕಿದೆ.

ಬೆಂಚಿನ ಮೇಲೆ ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಯಾರನ್ನು ಬೈಯುತ್ತಿದ್ದೇನೆಂದು ಅವಳಿಗೆ ಹೇಗೆ ತಿಳಿಯಬೇಕು? ತನ್ನನ್ನೇ ಎಂದುಕೊಂಡಿರಬೇಕು, ಅವ್ವನ ಸೆರಗಿನ ಹಿಂದೆ ಸರಿದಳು. ಅದನ್ನು ಕಂಡು ನಾನು ಕುರ್ಚಿಯಲ್ಲಿ ಕುಸಿದು ಕುಳಿತೆ. ಈ ಕೂಸಿನ ಸಾಲಿ ನನ್ನ ಕೈಯಾರೆ ಹೋಯಿತಲ್ಲ ಎನ್ನಿಸಿ ಕಣ್ಣಲ್ಲಿ ನೀರು ಬಂತು.

"ತಂಗಿ, ಇಲ್ಲಿ ಇಲ್ಲ. ಮ್ಯಾಲೆಲ್ಲಾ ಹುಡಿಕಿದೆ," ಎಂದೆ.

ತಾಯಿ ಎದ್ದು ಬಂದು ಪರದೆಯ ಮುಂದೆ ನಿಂತಳು. ಅಕ್ಷರ ಬರುತ್ತಿರಲಿಲ್ಲ ಅವಳಿಗೆ. "ಮ್ಯಾಲ ಅಂದ್ರ ಮುಂದಿಂದೇನ್ರಿ?"

"ಹೂಂ, ಹೊಸಾದು ಮ್ಯಾಲ ಇರತಾವ."

"ಕುರಿ ಕಳದ್ರ ನಾವು ಮುಂದ ಹುಡುಕೂದಿಲ್ರಿ. ಹಿಂದ ಹೊಕ್ಕೇವಿ. ಕಳದದ್ದು ಹಿಂದs ಉಳದಿರತೈತಿ," ಎಂದಳು. "ಕೆಳಗ ನೋಡ್ರಿ."

ಕಂಪ್ಯೂಟರು ಕುರಿಹಿಂಡಲ್ಲವೆಂದು ಹೇಳಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವಳ ಸಮಾಧಾನಕ್ಕಾದರೂ ಆಗಲಿ ಎಂದು ಪೆಟ್ಟಿಗೆಯನ್ನು ಕೆಳಗೆ ಸರಿಸುತ್ತಾ ಹೋದೆ. ಕಳೆದ ವರ್ಷದ ಪತ್ರಗಳು ಹೋದವು, ಅದರ ಹಿಂದಿನ ವರ್ಷದವು ಹೋದವು, ನಾನು ಮೊಟ್ಟಮೊದಲು ಕಳಿಸಿದ ಪತ್ರವೂ ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದರ ಕೆಳಗೆ ಮತ್ತೂ ನಲವತ್ತು ಪತ್ರಗಳಿದ್ದವು. ಲಿಂಬೆಹಣ್ಣಿನವರದು, ತಮ್ಮನ ವಧುವಿನ ಮನೆಯವರಿಗೆ ಬರೆದದ್ದು, ನಡುವೆ ಹುಡುಗಿಯ ಅರ್ಜಿ. ಎಲ್ಲದರ ಮೇಲೂ ಒಂದೇ ತಾರೀಖು: ಜನವರಿ ಒಂದು, ಸಾವಿರದ ಒಂಬೈನೂರ ಎಂಬತ್ತು.

"ಸಿಕ್ತು ನೋಡವಾ, ಸಿಕ್ತು," ಎಂದು ಅವಳ ರಟ್ಟೆ ಹಿಡಿದು ಅಲುಗಾಡಿಸಿದೆ.

ನನ್ನ ದನಿ ಕೇಳಿ ಯಜಮಾನರು ಹೊರಗೆ ಬಂದರು. "ಬಗಲಾಗ ಕೂಸ ಇಟ್ಕೊಂಡು ಊರೆಲ್ಲಾ ಹುಡಿಕ್ಯಾಳಂತ," ಎಂದರು. ಆಮೇಲೆ ಕನ್ನಡಕ ಏರಿಸಿ ತಾರೀಖು ನೋಡಿದರು. "ಅಲ್ಲ, ಎಂಬತ್ತನೇ ಇಸವಿಗೆ ಈ ಕೂಸು ಎಲ್ಲಿತ್ತು?"

"ಆಗ ನಾನs ಸಣ್ಣಾಕಿ ಇದ್ನೆಲ್ರಿ," ಎಂದಳು ತಾಯಿ.

ಆಗ ನನಗೆ ಹೊಳೆಯಿತು. ಎರಡು ತಿಂಗಳಿಂದ ಪ್ರತಿ ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಒಂದು ಇಂಗ್ಲಿಷ್ ಸಾಲು ಬರುತ್ತಿತ್ತು. ಒಂದು ಕೀಲಿ ಒತ್ತಿದರೆ ಮುಂದೆ ಹೋಗುತ್ತಿತ್ತು. ದೇವರಿಗೆ ಊದಿನಕಡ್ಡಿ ಹಚ್ಚಿದಷ್ಟೇ ರೂಢಿಯಿಂದ ನಾನದನ್ನು ಒತ್ತುತ್ತಿದ್ದೆ, ಒಂದು ದಿನವೂ ಓದಿರಲಿಲ್ಲ. ಈಗ ಮಶೀನು ಆರಿಸಿ ಮತ್ತೆ ಚಾಲೂ ಮಾಡಿ ಓದಿದೆ. ಒಳಗಿನ ಸಣ್ಣ ಬ್ಯಾಟರಿ ಸತ್ತಿದೆ, ತಾರೀಖು ಸರಿ ಮಾಡು ಎಂದು ಅದು ದಿನಾ ಹೇಳುತ್ತಿತ್ತು. ಯಜಮಾನರು ಸಂಜೆ ಮೇನ್ ತೆಗೆದರೆ ಕಂಪ್ಯೂಟರು ಕಾಲವನ್ನೇ ಮರೆತು, ಬೆಳಿಗ್ಗೆ ಮತ್ತೆ ಎಂಬತ್ತನೇ ಇಸವಿಯಿಂದ ಎಣಿಸಲು ಕೂರುತ್ತಿತ್ತು. ನಾನು ಬರೆದ ಪತ್ರಕ್ಕೆಲ್ಲ ಅದೇ ತಾರೀಖು ಬೀಳುತ್ತಿತ್ತು. ಊರಿಗೆಲ್ಲ ಕಣ್ಣು ಮೊದಲು ಎನ್ನುವವಳು ನಾನು.

ಪತ್ರವೇನೋ ಸಿಕ್ಕಿತು. ಆದರೆ ಸಮಯಕ್ಕೆ ಕಳಿಸಿದ್ದಕ್ಕೆ ಇದನ್ನು ಗುರುತೆಂದು ತೋರಿಸಿದರೆ ಯಾರು ನಂಬುತ್ತಾರೆ? ಹುಡುಗಿ ಹುಟ್ಟುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಅವಳ ಅರ್ಜಿ! ಹಾಗೆಂದುಕೊಂಡು ಪರದೆಯನ್ನೇ ನೋಡುತ್ತ ಕುಳಿತಿದ್ದವಳಿಗೆ ಇನ್ನೊಂದು ಯೋಚನೆ ಬಂತು. ಇಲ್ಲಿ ತಳಕ್ಕೆ ಹೋಗಿ ಕುಳಿತದ್ದು ಅಲ್ಲಿಯೂ ತಳಕ್ಕೇ ಹೋಗಿರಬೇಕಲ್ಲ? ಅವರೂ ನನ್ನ ಹಾಗೆ ಮೇಲಿನದನ್ನಷ್ಟೇ ನೋಡುತ್ತಿದ್ದಾರೆ.

ಶಾಲೆಗೆ ಫೋನ್ ಹಚ್ಚಿದೆ. ಎತ್ತಿದ್ದು ಆಫೀಸಿನ ಹೆಣ್ಣುಮಗಳು. "ಇಲ್ರಿ ಮೇಡಂ, ಎರಡು ಸಲ ನೋಡೇವಿ, ಬಂದಿಲ್ಲ," ಎಂದಳು.

"ನನ್ನ ಸಲುವಾಗಿ ಮೂರನೇ ಸಲ ನೋಡವಾ. ಮ್ಯಾಲ ಬ್ಯಾಡ. ನಿಮ್ಮ ಪೆಟ್ಟಿಗಿ ತಳಕ್ಕ ಹೋಗು, ಎಲ್ಲಾಕ್ಕಿಂತ ತಳಕ್ಕ. ನಾ ಫೋನ್ ಇಡೂದಿಲ್ಲ," ಎಂದೆ.

ಎಷ್ಟು ಹೊತ್ತಾಯಿತೋ. ತಾಯಿ ನನ್ನ ಮುಖ ಬಿಟ್ಟು ಕಣ್ಣು ಕದಲಿಸಲಿಲ್ಲ.

"ಅಯ್ಯ, ಐತ್ರಿ ಮೇಡಂ," ಎಂದಿತು ಆ ಕಡೆಯ ದನಿ. "ಇದೇನ್ರಿ ತಾರೀಖು?" ನಾನು ತಪ್ಪನ್ನೆಲ್ಲ ಒಪ್ಪಿಕೊಂಡು ಹೇಳಿದೆ. ಅವಳು ಹಿರಿಯರನ್ನು ಕೇಳಿ ಬಂದಳು. ಅವರ ಪೆಟ್ಟಿಗೆಗೆ ಪತ್ರ ಬಂದು ಮುಟ್ಟಿದ ದಿನ ಬೇರೆಯಾಗಿ ದಾಖಲಾಗಿತ್ತಂತೆ, ಅದು ಕಡೆಯ ದಿನಕ್ಕಿಂತ ಒಂದು ದಿನ ಮೊದಲಿನದು. ಹೆಸರು ಪಟ್ಟಿಗೆ ಸೇರಿತು. ಸೋಮವಾರ ಹತ್ತು ಗಂಟೆಗೆ ಹುಡುಗಿಯನ್ನು ಕರೆದುಕೊಂಡು ಬರಬೇಕು.

ಹೇಳಿದ್ದೇ ತಡ, ತಾಯಿ ನೆಲದ ಮೇಲೆ ಕುಕ್ಕರಿಸಿ ಮಗಳ ಎದುರು ಕೈ ಆಡಿಸತೊಡಗಿದಳು. ಇಬ್ಬರ ನಡುವೆ ತಮ್ಮದೇ ಕೈಭಾಷೆಯಿತ್ತು. ಎರಡು ಅಂಗೈ ಚಾವಣಿಯಂತೆ ಕೂಡಿಸಿ, ಅಂಗೈ ಮೇಲೆ ಬೆರಳಿನಿಂದ ಗೀಚಿ, ಆಮೇಲೆ ಮಗಳ ಎದೆ ಮುಟ್ಟಿದಳು. ಹುಡುಗಿ ಎದ್ದಳು. ಕೈಚೀಲ ಬಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲ ಹೊರಗೆ ಹೋಗಿ ನಿಂತು ಅವ್ವನಿಗೆ ಬಾ ಎಂದು ಕೈ ಮಾಡಿದಳು.

"ಈಗಲ್ಲ ನಮ್ಮವ್ವ, ಸೋಮವಾರ," ಎಂದು ತಾಯಿ ನಗುತ್ತಾ ಎರಡೂ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತವು. ಬೆರಳು ಮಡಚಿದಳು, ಬಿಚ್ಚಿದಳು, ಸೂರ್ಯನ ಕಡೆ ತೋರಿಸಿದಳು. ಹುಡುಗಿ ಹುಬ್ಬು ಗಂಟಿಕ್ಕಿ ನೋಡುತ್ತಲೇ ಇದ್ದಳು.

ತಾಯಿ ನನ್ನ ಕಡೆ ತಿರುಗಿದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳ ಕಣ್ಣು ತುಂಬಿದ್ದವು. "ಅಕ್ಕಾರ, ಸೋಮವಾರ ಅನ್ನೂದು ಈಕಿಗಿ ಹ್ಯಾಂಗ ಹೇಳ್ಲಿ? ನನಗ ಬರೂದಿಲ್ಲ. ಅಲ್ಲಿ ಕಲಸ್ತಾರಿಲ್ರಿ?"

"ಕಲಸ್ತಾರವಾ," ಎಂದೆ. "ಈಕಿ ಕಲತು ಬಂದು ನಿನಗ ಕಲಸ್ತಾಳ."