ದಬ್ಬಾಳಿಕೆಗೆ ನಾನು ಹೇಳಿದ ಹಿಂದಿ

ಶಾಂತಕ್ಕ, ಅಂದು ನೀವು ಹೇಳಿದ್ದನ್ನು ನಾನು ಹೇಳಲಿಲ್ಲ. ಹನ್ನೆರಡು ವರ್ಷಗಳ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ — ನೀವು ಎಲ್ಲಿದ್ದೀರೆಂದೂ ತಿಳಿಯದೆ.

ದೆಹಲಿಯ ಓಖ್ಲಾದ ಆ ಗಾರ್ಮೆಂಟ್ ಕಾರ್ಖಾನೆಯಲ್ಲಿ ನಾನು ಗುಮಾಸ್ತ, ನೀವು ಹೊಲಿಗೆ ಯಂತ್ರದ ಮುಂದೆ. ನೀವು ದಾವಣಗೆರೆ ಕಡೆಯಿಂದ ಬಂದು ವರ್ಷವಾಗಿರಲಿಲ್ಲ. ಹಿಂದಿ ನಿಮ್ಮ ನಾಲಿಗೆಗೆ ಹತ್ತಿರಲಿಲ್ಲ. ಕೆಲಸ ನಿಧಾನವಾಯಿತೆಂದು ಸೂಪರ್‌ವೈಸರ್ ಹೆಂಗಸರ ಕುತ್ತಿಗೆ ಹಿಡಿದು ನೂಕುತ್ತಿದ್ದ. ಒಂದು ಮಧ್ಯಾಹ್ನ ನಿಮ್ಮ ಪಕ್ಕದ ಸುನೀತಾಳನ್ನು ನೂಕಿದ. ಏಳು ತಿಂಗಳ ಬಸುರಿ, ಯಂತ್ರದ ಮೂಲೆಗೆ ಬಿದ್ದಳು. ಅವಳನ್ನು ಆಸ್ಪತ್ರೆಗೆ ಒಯ್ದ ಮೇಲೆ, ಹಿಂದಿ ಬಲ್ಲವರೆಲ್ಲ ಸುಮ್ಮನಿದ್ದರು. ನೀವು ಮ್ಯಾನೇಜರ್ ಕೋಣೆಗೆ ನಡೆದಿರಿ. ಕನ್ನಡದವನೆಂದು, ನಿಮ್ಮ ಮಾತನ್ನು ಹಿಂದಿಯಲ್ಲಿ ಹೇಳಲು ನನ್ನನ್ನು ಕರೆಸಿದರು.

ನಡೆದದ್ದನ್ನೆಲ್ಲ ಹೇಳಿ ಕೊನೆಗೆ, "ಇದು ದಬ್ಬಾಳಿಕೆ ಸಾರ್. ಹಂಗೇ ಹೇಳ್ರಿ," ಅಂದಿರಿ.

ಆ ಪದ ನನಗೆ ಗೊತ್ತಿಲ್ಲದ್ದಲ್ಲ. ಕಾಲೇಜಿನ ಕನ್ನಡ ಮೇಷ್ಟರು ಬಿಡಿಸಿ ಹೇಳಿದ್ದರು — ದಬ್ಬು ಎಂದರೆ ನೂಕು, ಆಳಿಕೆ ಎಂದರೆ ಆಳುವುದು; ನೂಕಿ ಆಳುವುದು. ಹಿಂದಿಯ ಜುಲ್ಮ್, ನಮ್ಮ ಕಡೆಯೂ ಜುಲುಮೆ ಎನ್ನುತ್ತೇವಲ್ಲ, ಅದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಮಾಲೀಕರ ಭಾವಮೈದ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ —

"ಥೋಡೀ ಸಖ್ತೀ ಹೈ, ಕೆಹ್ ರಹೀ ಹೈಂ," ಅಂದೆ. ಸ್ವಲ್ಪ ಬಿಗಿಯಂತೆ, ಅಷ್ಟೇ. ಸುನೀತಾ ತಲೆಸುತ್ತಿ ಬಿದ್ದಳೆಂದೂ ಸೇರಿಸಿದೆ. ಬಿಗಿಯಿಲ್ಲದೆ ಕಾರ್ಖಾನೆ ನಡೆದೀತೇ ಎಂದು ಮ್ಯಾನೇಜರ್ ನಕ್ಕರು.

ಹೊರಗೆ ಬಂದು ಕೇಳಿದಿರಿ: "ಎಲ್ಲಾ ಹೇಳಿದ್ರಿ ಅಲ್ವಾ ಸಾರ್?"

"ಎಲ್ಲಾ ಹೇಳಿದೆ ಶಾಂತಕ್ಕ. ಅವರು ಕೇಳಲಿಲ್ಲ."

ಮರುವಾರ ನಿಮ್ಮನ್ನು ಕೆಲಸದಿಂದ ತೆಗೆದರು. "ನೀವೊಬ್ಬರಾದ್ರೂ ನಮ್ಮ ಪರ ಮಾತಾಡಿದ್ರಿ ಸಾರ್," ಎಂದು ನನಗೆ ಕೈಮುಗಿದು ಹೋದಿರಿ. ನಾನು — ಆ ಕೈಗಳನ್ನು ತಡೆಯಲಿಲ್ಲ. ಸುನೀತಾಳ ಮಗು ಉಳಿಯಲಿಲ್ಲ. ನಾನು ಕಾಯಂ ಆದೆ.

ನಿಮ್ಮ ಕೋಣೆಯಿದ್ದ ಗಲ್ಲಿಗೆ ಎಷ್ಟೋ ಸಲ ಹೋದೆ. ನಿಮ್ಮನ್ನು ಬಲ್ಲವರೇ ಅಲ್ಲಿಲ್ಲ. ಕಳೆದ ತಿಂಗಳು ಸುನೀತಾ ಸಿಕ್ಕಳು. ಅವಳ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು.

ನಿಮಗೆ ಹೇಳುವುದು ಹೇಗೆ? ನಿಮ್ಮ ಸತ್ಯ ಕೇಳಿಯೂ ಈ ಊರು ಕಲ್ಲಾಗಿ ಕೂತಿತು ಎಂದು ನಂಬಿ ನೀವು ಎಲ್ಲೋ ಬದುಕುತ್ತಿದ್ದೀರಿ. ಇಲ್ಲ ಅಕ್ಕಾ. ಅದು ಅವರ ಕಿವಿಗೆ ಬೀಳಲೇ ಇಲ್ಲ.